ಅನ್ನಮ್ಮನವರ ಪಕ್ಕದಲ್ಲಿ ಕುಳಿತ ಮಗು
(ಕನ್ಯಾಮರಿಯಮ್ಮನವರ ಜನನದ ಹಬ್ಬ, ಸೆಪ್ಟೆಂಬರ್ 8. ಮತ್ತಾಯ 1:1-16, 18-23)



ಇಂದಿನ ಶುಭಸಂದೇಶ ಹೆಸರುಗಳ ಉದ್ದನೆಯ ಪಟ್ಟಿ. ಯೆಹೋಷಾಫಾಟ, ಶೆಯಲ್ತೀಯೇಲ, ಜೆರುಬ್ಬಾಬೆಲ ಬಂದಾಗ ಎಂಥ ಓದುಗರೂ ವೇಗ ತಗ್ಗಿಸಿ, ಒಂದೊಂದೇ ಅಕ್ಷರ ಹಿಡಿದು ಸಾಗಬೇಕು. ಎರಡನೇ ತರಗತಿಯ ಕೆಲವು ಮಕ್ಕಳಿಗೆ 'ಅಮ್ಮ', 'ಹಕ್ಕಿ' ಎಂಬ ಪದಗಳೂ ಹೀಗೆಯೇ ಕಾಣುತ್ತವೆ. ನಮ್ಮನ್ನು ಯಾರೂ ಗದರಿಸುವುದಿಲ್ಲ. ಆ ಮಕ್ಕಳನ್ನು ಗದರಿಸುತ್ತೇವೆ.

1967ರಿಂದ ಆಚರಿಸಲಾಗುತ್ತಿರುವ ಅಂತರರಾಷ್ಟ್ರೀಯ ಸಾಕ್ಷರತಾ ದಿನವೂ ಇದೇ ಸೆಪ್ಟೆಂಬರ್ 8. ಸಂತ ಅನ್ನಮ್ಮನವರ ಹೆಸರು ಬೈಬಲಿನಲ್ಲಿಲ್ಲ, ಪರಂಪರೆಯಲ್ಲಿದೆ. ಮಧ್ಯಯುಗದ ಯೂರೋಪಿನ ಚಿತ್ರಕಾರರು ಅವರನ್ನು ಪುಟ್ಟ ಮರಿಯಳಿಗೆ ಓದು ಕಲಿಸುವ ತಾಯಿಯಾಗಿ ಚಿತ್ರಿಸಿದರು. ಅದು ಭಕ್ತಿಯ ಕಲ್ಪನೆ, ನಿಜ. ಆದರೆ ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೆಶಾಯನ ಸುರುಳಿ ಬಿಚ್ಚಿ ಓದಿದ ಪ್ರಭು ಯೇಸುವಿಗೂ ಬಾಲ್ಯದಲ್ಲಿ ಯಾರೋ ಪಕ್ಕದಲ್ಲಿ ಕುಳಿತು ಕಲಿಸಿರಬೇಕಲ್ಲವೇ?

ನಮ್ಮ ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಿಂದ ಬಂದ ಕವಿರಾಜಮಾರ್ಗ, ಓದದೆಯೂ ಕಾವ್ಯ ಬಲ್ಲವರೆಂದು ಕನ್ನಡ ನಾಡಿನ ಜನರನ್ನು ಹೊಗಳಿತು. ನಮ್ಮ ಮಕ್ಕಳಿಗೂ ಹಾಡು, ಕತೆ, ಒಗಟು ಎಲ್ಲವೂ ಬರುತ್ತವೆ. ಪುಸ್ತಕ ತೆರೆದರೆ ಮಾತ್ರ ಕೆಲವರು ಮೌನ. ಇದು ದಡ್ಡತನವಲ್ಲ. 49 ಅಕ್ಷರ ಕಲಿತರೆ ಮುಗಿಯಿತೆಂದು ನಾವು ತಿಳಿಯುತ್ತೇವೆ. ಕಾಗುಣಿತ ಸೇರಿದರೆ ರೂಪಗಳು ನಾನೂರು ದಾಟುತ್ತವೆ. ಅವುಗಳ ಮೇಲೆ ಒತ್ತಕ್ಷರಗಳ ಭಾರ. ಕನ್ನಡ ಮಕ್ಕಳ ಓದನ್ನು ಅಭ್ಯಸಿಸಿದ ಸೊನಾಲಿ ನಾಗ್ ಅವರು, ಈ ಕಲಿಕೆ ನಾಲ್ಕನೇ ತರಗತಿಯವರೆಗೂ ಸಾಗುತ್ತದೆಂದು 2007ರಲ್ಲಿ ತೋರಿಸಿದರು. ಇನ್ನು ಚಿಂಚೋಳಿ, ಚಿತ್ತಾಪುರದ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಶಹಾಬಾದ್, ವಾಡಿಯ ಎಷ್ಟೋ ಮನೆಗಳಲ್ಲಿ ಉರ್ದು, ಹಿಂದಿ. ಸೇಡಂ ಗಡಿಯಲ್ಲಿ ತೆಲುಗು. ಆ ಮಗುವಿಗೆ ಅಕ್ಷರವೂ ಹೊಸದು, ಪದವೂ ಹೊಸದು.

'ದೊಡ್ಡಾಂವ ಆದ್ರ ತಾನೇ ಬರ್ತದ ಬಿಡ್ರಿ ಫಾದರ್' ಎನ್ನುತ್ತಾರೆ. ತೊಗರಿ ಬೆಳೆಯುವವರು ಹೀಗೆ ಹೇಳಬಾರದು. ತೊಗರಿ ಮೊದಲ ಒಂದೂವರೆ ತಿಂಗಳು ನಿಧಾನ, ಕಳೆಗೆ ಅವಸರ. ಆಗ ಎಡೆ ಹೊಡೆಯದೆ ಹೂ ಬಿಟ್ಟ ಮೇಲೆ ಕಳೆ ಕಿತ್ತರೆ ಬೆಳೆ ಕೈಗೆ ಬಂದೀತೇ? ಮೂರನೇ ತರಗತಿ ದಾಟಿದರೆ ಲೆಕ್ಕವನ್ನೂ ಓದಿಯೇ ಮಾಡಬೇಕು. ಓದು ಬಾರದ ಮಗು ಮೊದಲು ಹಿಂದಿನ ಸಾಲಿಗೆ, ಆಮೇಲೆ ದಿನ ಬಿಟ್ಟು ದಿನ ಶಾಲೆಗೆ, ಕೊನೆಗೆ ಕಲ್ಲಿನ ಪಾಲಿಶ್ ಕೆಲಸಕ್ಕೋ, ತಂದೆತಾಯಿಯ ಹಿಂದೆ ಪುಣೆ, ಮುಂಬೈಗೋ.

ಮೊದಲು ಮಗುವಿನ ಕಣ್ಣು, ಕಿವಿ ಪರೀಕ್ಷೆ ಮಾಡಿಸಿರಿ. ಬಳಿಕ ದಿನಕ್ಕೆ ಕಾಲು ಗಂಟೆ ಸಾಕು. 'ಕಮಲ' ಎಂದು ಹೇಳಿ ಮೂರು ಚಪ್ಪಾಳೆ ತಟ್ಟಿಸಿ, 'ಕ' ತೆಗೆದರೆ ಉಳಿಯುವುದೇನು ಎಂದು ಕೇಳಿರಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ ಕಲಿ ಅ, ಆ, ಇ, ಈ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಮೊದಲಿಟ್ಟಿತು. ಐದೇ ಅಕ್ಷರ ಕಲಿತ ಮಗು ಸರ, ಅರಸ, ಗರಗಸ ಓದುತ್ತದೆ. ಓದಿದೆನೆಂಬ ಸಂತೋಷ ಮೊದಲ ವಾರಗಳಲ್ಲೇ ಸಿಗುತ್ತದೆ. ಇಷ್ಟಾದರೂ ಅಕ್ಷರ ನಿಲ್ಲದಿದ್ದರೆ ತಜ್ಞರಿಗೆ ತೋರಿಸಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಡಿಸ್ಲೆಕ್ಸಿಯಾದಂಥ ಕಲಿಕಾ ತೊಂದರೆಗಳನ್ನೂ ಒಪ್ಪಿಕೊಂಡಿದೆ. ಅಂಥ ಮಗುವಿಗೆ ಸಹಾಯ ಪಡೆಯುವ ಹಕ್ಕಿದೆ. ಹೊಡೆತ ಇದಕ್ಕೆ ಔಷಧವಲ್ಲ.

ಧರ್ಮೋಪದೇಶದ ತರಗತಿ ನಡೆಸುವವರಿಗೂ ಒಂದು ವಿನಂತಿ: ಓದಲಾರದ ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ ಜಪದ ಪುಸ್ತಕ ಓದಿಸಬೇಡಿರಿ. ಜಪವನ್ನು ಅದು ಕೇಳಿಯೇ ಕಲಿಯಲಿ.

ಬಲಿಪೂಜೆಯ ನಂತರ, ಸಂಜೆ ಅರ್ಧ ಗಂಟೆ ಬಿಡುವಿರುವ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಯುವಕ ಯುವತಿಯರು ನಮ್ಮನ್ನು ಕಾಣಿರಿ. ಲಂಬಾಣಿ, ಉರ್ದು, ತೆಲುಗು ಬಲ್ಲವರು ಮುಖ್ಯವಾಗಿ ಬೇಕು. ಒಬ್ಬರಿಗೆ ಮೂರು ಮಕ್ಕಳಿಗಿಂತ ಹೆಚ್ಚು ಕೊಡುವುದಿಲ್ಲ. ಓಣಿಯ ಎಲ್ಲ ಧರ್ಮದ ಮಕ್ಕಳೂ ಬರಲಿ. ಚಾಪೆ, ಪಾಟಿ, ಬಳಪ ಧರ್ಮಕೇಂದ್ರದಲ್ಲಿವೆ.