ಚಿತ್ರದ ವರ್ತಕ: ಲಿಯೊ ಕ್ಯಾಸ್ಟೆಲಿ

ನಮ್ಮ ಕಾವ್ಯಮೀಮಾಂಸಕರು ಕವಿಯನ್ನೂ ಸಹೃದಯನನ್ನೂ ಎದುರುಬದುರು ನಿಲ್ಲಿಸಿ ಚರ್ಚಿಸಿದರು. ಅವರ ನಡುವೆ ವರ್ತಕನಿಗೆ ಎಡೆಯಿರಲಿಲ್ಲ. ಕಾವ್ಯವನ್ನು ನೂರು ಮಂದಿ ಪ್ರತಿಮಾಡಿಕೊಳ್ಳಬಹುದು, ಸಾವಿರ ಮಂದಿ ಬಾಯಿಪಾಠ ಮಾಡಬಹುದು. ಚಿತ್ರದ ಪಾಡು ಹಾಗಲ್ಲ. ಒಬ್ಬರು ಕೊಂಡರೆ ಇನ್ನೊಬ್ಬರಿಗಿಲ್ಲ. ಅರಸರ ಆಶ್ರಯ ಅಳಿದ ಮೇಲೆ ಚಿತ್ರಕಾರನಿಗೂ ನೋಡುಗನಿಗೂ ನಡುವೆ ವರ್ತಕನೊಬ್ಬ ಬಂದು ನಿಂತಿದ್ದಾನೆ. ಅವನು ಕಲೆಗೆ ನೆರವೋ, ಕಂಟಕವೋ? ನ್ಯೂಯಾರ್ಕಿನ ಲಿಯೊ ಕ್ಯಾಸ್ಟೆಲಿಯ ಬಾಳು ಈ ಪ್ರಶ್ನೆಗೆ ಒಳ್ಳೆಯ ಒರೆಗಲ್ಲು.

ಕ್ಯಾಸ್ಟೆಲಿ 1907ರಲ್ಲಿ ಟ್ರಿಯೆಸ್ಟ್ ನಗರದಲ್ಲಿ ಹುಟ್ಟಿದವನು. 1939ರಲ್ಲಿ ಪ್ಯಾರಿಸ್ಸಿನಲ್ಲಿ ಗೆಳೆಯನೊಡನೆ ಗ್ಯಾಲರಿ ತೆರೆದ, ಯುದ್ಧ ಬಂದೆರಗಿತು. 1941ರಲ್ಲಿ ಅಮೆರಿಕಕ್ಕೆ ವಲಸೆಹೋದ. ಅಲ್ಲಿ 1957ರಲ್ಲಿ, ಐವತ್ತರ ಹೊಸ್ತಿಲಲ್ಲಿ, ತನ್ನ ಮನೆಯಲ್ಲಿಯೇ ಗ್ಯಾಲರಿಯನ್ನಿಟ್ಟ. ಅದೇ ವರ್ಷ ರಾಬರ್ಟ್ ರೌಷೆನ್‌ಬರ್ಗ್ ಎಂಬ ಚಿತ್ರಕಾರನನ್ನು ಕಾಣಹೋದವನು, ಅದೇ ಕಟ್ಟಡದಲ್ಲಿದ್ದ ಜಾಸ್ಪರ್ ಜಾನ್ಸ್ ಎಂಬ ತರುಣನ ಕೋಣೆಯನ್ನೂ ಹೊಕ್ಕ. ಅಲ್ಲಿ ಬಾವುಟದ, ಗುರಿಹಲಗೆಯ ಚಿತ್ರಗಳು. ಕಂಡೊಡನೆ ಪ್ರದರ್ಶನಕ್ಕೆ ಆಹ್ವಾನಿಸಿದ. 1958ರ ಆ ಪ್ರದರ್ಶನದಿಂದ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವೇ ಚಿತ್ರಗಳನ್ನು ಕೊಂಡಿತು.

ಅದು ಕಣ್ಣಿನ ಹಿರಿಮೆ. ರೌಷೆನ್‌ಬರ್ಗನ ವಿಷಯದಲ್ಲಿ ಬೇಕಾದುದು ತಾಳ್ಮೆ. ಕೌದಿ, ದಿಂಬುಗಳನ್ನೇ ಹಲಗೆಗೆ ಬಿಗಿದು ಬಣ್ಣ ಬಳಿದ ‘ಹಾಸಿಗೆ’ (1955) ಎಂಬ ಕೃತಿಯನ್ನು ಕ್ಯಾಸ್ಟೆಲಿ ತಾನೇ ಕೊಂಡ. 1989ರಲ್ಲಿ ಅದನ್ನು ಆ ಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟ. ತನ್ನ ಕಲಾವಿದರಿಗೆ, ಚಿತ್ರ ಮಾರಾಟವಾಗುವ ಮುನ್ನವೇ, ತಿಂಗಳು ತಿಂಗಳೂ ಹಣ ಕೊಡುತ್ತಿದ್ದ. ಹೊಟ್ಟೆಪಾಡಿನ ಚಿಂತೆ ತಪ್ಪಿದ ಕೈ ಹೊಸ ಪ್ರಯೋಗಕ್ಕೆ ಧೈರ್ಯಮಾಡುತ್ತದೆ.

ಆದರೆ ಪೋಷಿಸುವ ಕೈಯೇ ಬೆಲೆ ಕಟ್ಟುವ ಕೈಯೂ ಆಗಿತ್ತು. 1964ರಲ್ಲಿ ವೆನಿಸ್ಸಿನ ದ್ವೈವಾರ್ಷಿಕ ಪ್ರದರ್ಶನದಲ್ಲಿ ರೌಷೆನ್‌ಬರ್ಗನಿಗೆ ಚಿತ್ರಕಲೆಯ ಮಹಾಬಹುಮಾನ ಬಂದಾಗ, ಇದು ಅಮೆರಿಕದ ಬಲದ ಗೆಲುವೆಂದು ಯೂರೋಪಿನಲ್ಲಿ ಹಲವರು ಗೊಣಗಿದರು. ಬಿಯರಿನ ಡಬ್ಬಿ ಕೊಟ್ಟರೂ ಈತ ಮಾರಿಯಾನೆಂದು ಹಿರಿಯ ಚಿತ್ರಕಾರ ವಿಲೆಮ್ ಡಿ ಕೂನಿಂಗ್ ಕುಹಕವಾಡಿದನಂತೆ. ಜಾನ್ಸ್ 1960ರಲ್ಲಿ ಅಂಥ ಎರಡು ಡಬ್ಬಿಗಳನ್ನು ಕಂಚಿನಲ್ಲಿ ಎರಕ ಹೊಯ್ದ, ಕ್ಯಾಸ್ಟೆಲಿ ಮಾರಿಯೇಬಿಟ್ಟ!

ಮಾರಾಟವಾದ ಮಾತ್ರಕ್ಕೆ ಯಾವುದೂ ಕಲೆಯಾಗದು. ಮಾರಾಟವಾಯಿತೆಂಬ ಕಾರಣಕ್ಕೆ ಕಲೆಯಲ್ಲವೆಂದೂ ಹೇಳಲಾಗದು. 1999ರಲ್ಲಿ ತೀರಿಕೊಂಡ ಕ್ಯಾಸ್ಟೆಲಿ ಕಲಾವಿದನ ಒಲೆ ಆರದಂತೆ ನೋಡಿಕೊಂಡ, ಕೃತಿಯನ್ನು ಲೋಕದ ಕಣ್ಣಿಗೆ ತಂದಿರಿಸಿದ. ವರ್ತಕನ ಋಣ ಅಷ್ಟು ದೊಡ್ಡದು; ಅವನ ಅಧಿಕಾರವೂ ಅಲ್ಲಿಗೇ ಮುಗಿಯಬೇಕು. ಬೆಲೆಯನ್ನು ಮರೆತು ಚಿತ್ರವನ್ನು ನೋಡುವ ಹೊಣೆ ಸಹೃದಯನದು. ಅದನ್ನು ಹಣ ತೆತ್ತು ಇನ್ನೊಬ್ಬರಿಗೆ ವಹಿಸಿಕೊಡುವಂತಿಲ್ಲ.