ನೀರಿನ ಋಣ



‘ದೈನಂದಿನ ಬದುಕಿನಲ್ಲಿ ಎಚ್ಚರ ಮತ್ತು ಕೃತಜ್ಞತೆ’ ಎಂಬ ವಿಷಯವನ್ನು ಸಂಘವು ನನಗೆ ವಹಿಸಿದೆ. ಇಂಥ ವಿಷಯದಲ್ಲಿ ಮಾತು ಉಪದೇಶವಾಗಿಬಿಡುವ ಅಪಾಯ ಹೆಚ್ಚು. ಆದಕಾರಣ ನಾವೆಲ್ಲರೂ ದಿನವೂ ಮುಟ್ಟುವ ಒಂದೇ ವಸ್ತುವನ್ನು, ನಲ್ಲಿಯ ನೀರನ್ನು (ನಮ್ಮ ಕಲಬುರ್ಗಿ ಕಡೆಯವರಿಗೆ ಅದು ನಳ), ಹಿಡಿದು ಮಾತನಾಡಲು ಬಯಸುತ್ತೇನೆ.

ಮೊದಲು ಪದಗಳ ವಿಚಾರ. ಕೃತಜ್ಞತೆ ಎಂದರೆ ‘ಕೃತ’ವನ್ನು, ಅಂದರೆ ಮತ್ತೊಬ್ಬರು ಮಾಡಿದ್ದನ್ನು, ಬಲ್ಲವರಾಗಿರುವುದು. ಮನಸ್ಸು ಕರಗುವುದು ಆಮೇಲಿನ ಮಾತು, ಮೊದಲು ತಿಳಿದಿರಬೇಕು. ಬೌದ್ಧರು ‘ಸತಿ’ ಎಂದು ಕರೆಯುವ ಎಚ್ಚರವೂ ಸಂಸ್ಕೃತದ ‘ಸ್ಮೃತಿ’ಯೇ, ಅಂದರೆ ನೆನಪೇ. ಗಮನಿಸದವನು ಕೃತಜ್ಞನಾಗಲಾರ, ಹೆಚ್ಚೆಂದರೆ ವಿನಯವಂತನಾದಾನು.

ನಮ್ಮ ನಗರದಲ್ಲೇ ಇದಕ್ಕೊಂದು ನಿದರ್ಶನವಿದೆ. ವನಸ್ಥಲಿಪುರದ ಕಡೆ, ನಾಗಾರ್ಜುನಸಾಗರ ರಸ್ತೆಯಲ್ಲಿ, 1976ರಲ್ಲಿ ಆರಂಭವಾದ ‘ಧಮ್ಮಖೇತ್ತ’ ವಿಪಶ್ಯನಾ ಕೇಂದ್ರವನ್ನು ತಮ್ಮಲ್ಲಿ ಕೆಲವರು ನೋಡಿರಬಹುದು. ಅದರ ಗುರುಪರಂಪರೆಯಲ್ಲಿ ಬರುವ ಬರ್ಮಾದ ಊ ಬಾ ಖಿನ್ ಸಂನ್ಯಾಸಿಯಲ್ಲ. ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್. ಕಡತಗಳ ನಡುವೆಯೇ ತಮ್ಮ ಕಚೇರಿಯ ಸಿಬ್ಬಂದಿಗೆ ಧ್ಯಾನ ಕಲಿಸಿದವರು, 1952ರಲ್ಲಿ ರಂಗೂನಿನಲ್ಲಿ ಅಂತರರಾಷ್ಟ್ರೀಯ ಧ್ಯಾನಕೇಂದ್ರವನ್ನು ಸ್ಥಾಪಿಸಿದವರು. ಲೆಕ್ಕಪತ್ರದ ವೃತ್ತಿಯವನೇ ಆದ ನನಗೆ ಇದು ಆಶ್ಚರ್ಯವೆನಿಸುವುದಿಲ್ಲ. ಜಮಾ ಯಾವುದು, ಖರ್ಚು ಯಾವುದು ಎಂದು ಪ್ರತಿದಿನ ತಾಳೆ ನೋಡುವುದು ಒಂದು ಬಗೆಯ ಎಚ್ಚರವೇ. ಬುದ್ಧನ ಮಾರ್ಗವನ್ನು ಭಾರತದಿಂದ ಪಡೆದ ಬರ್ಮಾ ಅದನ್ನು ಹಿಂದಿರುಗಿಸಬೇಕು, ಅದು ಋಣ, ಎಂದು ಅವರು ಭಾವಿಸಿದ್ದರು. 1969ರಲ್ಲಿ ಭಾರತಕ್ಕೆ ಬಂದ ಅವರ ಶಿಷ್ಯ ಎಸ್. ಎನ್. ಗೋಯೆಂಕಾ ಆ ಋಣ ತೀರಿಸುವುದನ್ನೇ ತಮ್ಮ ಕಾರ್ಯವೆಂದು ಬಗೆದರು. ಎರಡು ಸಾವಿರ ವರ್ಷಕ್ಕೂ ಹಳೆಯ ಸಾಲವನ್ನು ನೆನಪಿಟ್ಟ ಲೆಕ್ಕಾಧಿಕಾರಿ!

ಇನ್ನು ನಮ್ಮ ಲೆಕ್ಕ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಈ ನಗರದ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆಮರವನ್ನೇರಿ ಸುಮಾರು 150 ಜನ ಜೀವ ಉಳಿಸಿಕೊಂಡರೆಂದು ಹೇಳುತ್ತಾರೆ. ಮರುವರ್ಷ ನಿಜಾಮ ಸರ್ಕಾರ ಕರೆಸಿಕೊಂಡದ್ದು ಮುಂಬಯಿ ಸರ್ಕಾರದ ಸೇವೆಯಿಂದ ಆಗಷ್ಟೇ ಬಿಡುಗಡೆ ಹೊಂದಿದ್ದ ಎಂ. ವಿಶ್ವೇಶ್ವರಯ್ಯನವರನ್ನು. ಅವರು ಮೊದಲು ಮಾಡಿದ್ದು ಕಟ್ಟುವ ಕೆಲಸವನ್ನಲ್ಲ, ನೋಡುವ ಕೆಲಸವನ್ನು. ಬಿದ್ದ ಮಳೆ ಎಷ್ಟು, ನೀರು ಏರಿದ ಗುರುತು ಎಲ್ಲಿದೆ, ಮೇಲ್ಭಾಗದ ಕೆರೆಗಳು ಎಷ್ಟು, ಅವುಗಳಲ್ಲಿ ಒಡೆದವು ಎಷ್ಟು? ನದಿಯ ಜಲಾನಯನದಲ್ಲಿದ್ದ 788 ಕೆರೆಗಳಲ್ಲಿ 221 ಒಡೆದಿದ್ದವು. ಮೂಸಿಗೂ ಅದರ ಉಪನದಿ ಈಸಿಗೂ ನಗರದ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ಪ್ರವಾಹವನ್ನು ತಡೆಯಬೇಕೆಂದು ಅವರು ಸೂಚಿಸಿದರು. ಅದರಂತೆ ಉಸ್ಮಾನ್ ಸಾಗರವು 1920ರಲ್ಲಿ, ಹಿಮಾಯತ್ ಸಾಗರವು 1927ರಲ್ಲಿ ಪೂರ್ಣಗೊಂಡವು. ದಶಕಗಳ ಕಾಲ ಹೈದರಾಬಾದು ಕುಡಿದದ್ದು ಮುಖ್ಯವಾಗಿ ಇವುಗಳ ನೀರನ್ನೇ. ಇಂದು ನಮ್ಮ ನಲ್ಲಿಗೆ ಹೆಚ್ಚಿನ ನೀರು ಮಂಜೀರಾ, ಕೃಷ್ಣಾ, ಗೋದಾವರಿಗಳಿಂದ ಬರುತ್ತದೆ.

ಈ ಕಥೆಯನ್ನು ನಮ್ಮ ವೇದಿಕೆಗಳಲ್ಲಿ ಅನೇಕ ಸಲ ಕೇಳಿದ್ದೇವೆ. ಆದರೆ ಹೇಳುವ ಧಾಟಿಯನ್ನು ಗಮನಿಸಿ: ‘ಈ ನಗರವನ್ನು ಉಳಿಸಿದವರು ನಮ್ಮವರು!’ ಇದು ಕೃತಜ್ಞತೆಯಲ್ಲ, ಸಾಲ ಕೊಟ್ಟವನ ಮಾತು. ವಿಶ್ವೇಶ್ವರಯ್ಯನವರು ಮಾಡಿದ ಉಪಕಾರವನ್ನು ನಮ್ಮ ಖಾತೆಗೆ ಜಮಾ ಮಾಡಿಕೊಂಡು ಊರಿನಿಂದ ಬಡ್ಡಿ ಕೇಳುತ್ತಿದ್ದೇವೆ. ಪರಭಾಷಿಕನಾದ ತಜ್ಞನನ್ನು ಕರೆಸಿ ಅವನ ಮಾತು ಕೇಳಿದ ಸರ್ಕಾರದ ಹೆಸರು ಎತ್ತುವುದಿಲ್ಲ. ಮಣ್ಣು ಹೊತ್ತವರ, ಹೊಲ ಮುಳುಗಿಸಿಕೊಂಡವರ ನೆನಪೂ ಇಲ್ಲ. ಸೆಪ್ಟೆಂಬರ್ 15ರ ಇಂಜಿನಿಯರುಗಳ ದಿನ ನಮಗೆ ಗೊತ್ತು. ಜುಲೈ 11ರಂದು ತೆಲಂಗಾಣದ ಇಂಜಿನಿಯರುಗಳು ನಿಜಾಮ ಸಾಗರದ ನಿರ್ಮಾತೃ ನವಾಬ್ ಅಲಿ ನವಾಜ್ ಜಂಗ್ ಬಹಾದ್ದೂರರ ಜನ್ಮದಿನವನ್ನು ಆಚರಿಸುತ್ತಾರೆಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಬೀದರ, ಕಲಬುರ್ಗಿ, ರಾಯಚೂರಿನವರಿಗೆ 1956ರವರೆಗೆ ಇದೇ ರಾಜಧಾನಿಯಾಗಿತ್ತು. ನಮ್ಮ ಹಿರಿಯರು ಎಷ್ಟೋ ಮಂದಿ ಓದಿದ್ದು ಉಸ್ಮಾನಿಯಾದಲ್ಲಿ. ಉಂಡ ಮನೆಯ ಜಂತೆ ಎಣಿಸುವುದರಲ್ಲಿ ನಾವೂ ಹಿಂದೆ ಬಿದ್ದಿಲ್ಲ: ಬಿಸಿಲು, ಟ್ರಾಫಿಕ್ಕು, ಭಾಷೆ!

ಕೃತಜ್ಞತೆಯ ದಿನಚರಿ ಬರೆದರೆ ನಿದ್ರೆ ಚೆನ್ನಾಗಿ ಬರುತ್ತದೆಂದು ಈಗ ಸಲಹೆ ಕೊಡುವವರಿದ್ದಾರೆ. ಬರಲಿ. ಆದರೆ ನಿದ್ರೆಗಾಗಿ ಮಾಡುವ ಕೃತಜ್ಞತೆ ಮಾತ್ರೆಗೆ ಸಮ. ನನ್ನ ಅಭ್ಯಾಸ ಸಣ್ಣದು. ಬೆಳಗಿನ ಮೊದಲ ಲೋಟ ನೀರು ಕುಡಿಯುವಾಗ ಪತ್ರಿಕೆ ಹಿಡಿಯುವುದಿಲ್ಲ, ಫೋನ್ ಮುಟ್ಟುವುದಿಲ್ಲ. ಇದು ಎಲ್ಲಿಂದ ಬಂತು ಎಂದು ಕೇಳಿಕೊಳ್ಳುತ್ತೇನೆ. ದಿನ ಬಿಟ್ಟು ದಿನ ನೀರು ಬರುವ ನಮ್ಮ ಬಡಾವಣೆಯಲ್ಲಿ ನಸುಕಿನಲ್ಲೇ ಬಂದು ವಾಲ್ವ್ ತಿರುಗಿಸುವ ಜಲಮಂಡಳಿಯ ನೌಕರನೊಬ್ಬನಿದ್ದಾನೆ. ಅವನ ಹೆಸರನ್ನು ನಾನು ಕೇಳಿ ತಿಳಿದುಕೊಂಡದ್ದು ಈ ಅಭ್ಯಾಸದಿಂದಲೇ. ಎಚ್ಚರವು ಶಾಂತಿಯನ್ನಷ್ಟೇ ತರುವುದಿಲ್ಲ, ಪ್ರಶ್ನೆಗಳನ್ನೂ ತರುತ್ತದೆ.

ಅಂಥದೊಂದು ಪ್ರಶ್ನೆ. 1996ರ ಮಾರ್ಚ್‌ನಲ್ಲಿ ಅಂದಿನ ಆಂಧ್ರಪ್ರದೇಶ ಸರ್ಕಾರ ಹೊರಡಿಸಿದ ಜಿ.ಓ. 111, ಈ ಎರಡು ಜಲಾಶಯಗಳ ಸುತ್ತ ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಲಿನ್ಯಕಾರಕ ಕೈಗಾರಿಕೆ, ದೊಡ್ಡ ಹೋಟೆಲು, ವಸತಿ ಬಡಾವಣೆಗಳನ್ನು ನಿಷೇಧಿಸಿತು. 2022ರ ಏಪ್ರಿಲ್‌ನಲ್ಲಿ ತೆಲಂಗಾಣ ಸರ್ಕಾರ, ನೀರಿನ ಗುಣಮಟ್ಟ ಕೆಡಬಾರದೆಂಬ ಷರತ್ತಿನೊಡನೆ, ನಿರ್ಬಂಧಗಳನ್ನು ತೆಗೆಯುವ ಆದೇಶ ಹೊರಡಿಸಿತು. ನಗರಕ್ಕೆ ಈಗ ಆ ನೀರು ಅಷ್ಟಾಗಿ ಬೇಕಿಲ್ಲವೆಂಬುದು ವಾದ. ಆದರೆ ಜಲಾಶಯಗಳನ್ನು ಕಟ್ಟಿದ್ದು ಮೊದಲಿಗೆ ಕುಡಿಯುವುದಕ್ಕಲ್ಲ, ಪ್ರವಾಹ ತಡೆಯುವುದಕ್ಕೆ ಎಂಬುದನ್ನು ಮರೆಯಬಾರದು. ಸರ್ಕಾರಿ ನೌಕರನಾದ ನಾನು ನೀತಿಯ ವಿಮರ್ಶೆಗೆ ಇಳಿಯುವುದಿಲ್ಲ. ನಮ್ಮವರ ಬಗ್ಗೆ ಮಾತ್ರ ಹೇಳುತ್ತೇನೆ. ಆ ವಲಯದಲ್ಲಿ ನಿವೇಶನ ಸಿಕ್ಕೀತೇ ಎಂದು ವಿಚಾರಿಸುವವರಲ್ಲಿ ಕನ್ನಡಿಗರೂ ಇದ್ದಾರೆ. ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಚಿತ್ರಕ್ಕೆ ಹಾರ ಹಾಕಿ, 16ರಂದು ಅವರ ಜಲಾಶಯದ ಜಲಾನಯನದಲ್ಲಿ ನಿವೇಶನ ನೋಡಲು ಹೋಗುವುದನ್ನು ಏನೆಂದು ಕರೆಯೋಣ?

ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ ಇಷ್ಟು. ಬರುವ ಸೆಪ್ಟೆಂಬರಿನಲ್ಲಿ ಹಾರದ ಕಾರ್ಯಕ್ರಮವನ್ನು ಸಭಾಂಗಣದಿಂದ ಗಂಡಿಪೇಟೆಯ ಕಟ್ಟೆಯ ಬಳಿಗೆ ಒಯ್ಯೋಣ. ಮಕ್ಕಳೂ ಬರಲಿ. ಜಲಮಂಡಳಿಯಿಂದ ನಿವೃತ್ತರಾದ ತೆಲುಗು ಇಂಜಿನಿಯರೊಬ್ಬರನ್ನು ಕರೆದು ಅವರ ಭಾಷೆಯಲ್ಲೇ ಕೇಳೋಣ. 28ರಂದು ಹುಣಸೆಮರದ ಕೆಳಗೆ ಪ್ರತಿವರ್ಷ ಸೇರುವ ನಾಗರಿಕರ ಜೊತೆ ನಮ್ಮ ಸಂಘದಿಂದಲೂ ಹತ್ತು ಜನ ನಿಲ್ಲೋಣ. ಬಸ್ಸಿನ ಖರ್ಚಿನ ಅಂದಾಜನ್ನು ತಯಾರಿಸಿ ಈಗಾಗಲೇ ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ.