ಆದರ್ಶ ವ್ಯಕ್ತಿ ಯಾರು? ವಿಜಯವಾಡದ ಒಂದು ಮನೆಯ ನಿದರ್ಶನ



ವಿಶಾಖಪಟ್ಟಣದ ಕಡಲತೀರದ ರಸ್ತೆಯಲ್ಲಿ ಸಂಜೆಯ ಹೊತ್ತು ನಡೆಯುವವರಿಗೆ ಸಮುದ್ರದ ಜೊತೆಗೆ ಪ್ರತಿಮೆಗಳ ಸಾಲೂ ಕಣ್ಣಿಗೆ ಬೀಳುತ್ತದೆ. ಕವಿಗಳು, ನಾಟಕಕಾರರು, ರಾಜಕಾರಣಿಗಳು ಅಲ್ಲಿ ನಿಂತಿದ್ದಾರೆ. ವಿಜಯವಾಡದ ಸ್ವರಾಜ್ಯ ಮೈದಾನದಲ್ಲಿ 2024ರ ಜನವರಿ 19ರಂದು ಅನಾವರಣಗೊಂಡ ಡಾ. ಬಿ.ಆರ್. ಅಂಬೇಡ್ಕರ್ ಅವರ ಪ್ರತಿಮೆಯ ಎತ್ತರವಂತೂ 125 ಅಡಿ; 81 ಅಡಿಯ ಪೀಠವೂ ಸೇರಿದರೆ 206 ಅಡಿ. ಶತಮಾನಗಳ ಕಾಲ ತಲೆ ತಗ್ಗಿಸಿ ನಡೆಯಬೇಕಾಗಿದ್ದ ಜನ ತಲೆಯೆತ್ತಿ ನೋಡುವಂಥದೊಂದು ಪ್ರತಿಮೆಯನ್ನು ಬಯಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ವೀರಪೂಜೆಯ ಅಪಾಯವನ್ನು ಈ ದೇಶದಲ್ಲಿ ಎಲ್ಲರಿಗಿಂತ ನಿಷ್ಠುರವಾಗಿ ಹೇಳಿದವರೂ ಅಂಬೇಡ್ಕರ್ ಅವರೇ. 1943ರ ಜನವರಿಯಲ್ಲಿ ಪುಣೆಯಲ್ಲಿ ರಾನಡೆಯವರ ಜಯಂತಿಯ ಸಂದರ್ಭದಲ್ಲಿ ಮಾತನಾಡುತ್ತಾ ಅವರು ಎರಡು ಬಗೆಯ ವೀರಪೂಜೆಯನ್ನು ಬೇರ್ಪಡಿಸಿ ತೋರಿಸಿದರು. ಒಂದು, ಉದಾತ್ತವಾದುದನ್ನು ಕಂಡು ಗೌರವಿಸುವುದು. ಇನ್ನೊಂದು, ಸ್ವಂತ ವಿವೇಕವನ್ನೇ ಒಪ್ಪಿಸಿಬಿಟ್ಟು ಹಿಂಬಾಲಿಸುವುದು. ಮೊದಲನೆಯದನ್ನು ಅವರು ಒಪ್ಪಿದರು, ಎರಡನೆಯದನ್ನು ಖಂಡಿಸಿದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿಯೂ ಅದೇ ಎಚ್ಚರಿಕೆ ನೀಡಿದರು: ರಾಜಕಾರಣದಲ್ಲಿ ಭಕ್ತಿಯು ಸರ್ವಾಧಿಕಾರಕ್ಕೆ ದಾರಿ ಮಾಡಿಕೊಡುತ್ತದೆ ಎಂದು.

ಈಚಿನ ವರ್ಷಗಳ ಚುನಾವಣಾ ಸಭೆಗಳನ್ನು ಕಂಡವರಿಗೆ ಈ ಮಾತಿಗೆ ವ್ಯಾಖ್ಯಾನ ಬೇಕಾಗದು.

ಹಾಗಾದರೆ ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಆದರ್ಶವಾಗುವುದು ಹೇಗೆ? ಊರಿನ ವೃತ್ತ, ಪಠ್ಯಪುಸ್ತಕ, ಪಕ್ಷದ ಫಲಕ ಇವು ಕೊಡಮಾಡುವ ನಾಯಕರು ಬೇರೆ. ಯಾರೂ ಹೇಳದೆ ಮನಸ್ಸೊಳಗೆ ಬಂದು ನೆಲೆಸುವವರು ಬೇರೆ. ಈ ಭೇದವನ್ನು ಕನ್ನಡದ ಆದಿಕವಿ ಪಂಪನೇ ಅನುಭವಿಸಿದ್ದನು. ಆತನ ಪೂರ್ವಿಕರು ಇದೇ ಆಂಧ್ರ ನೆಲದ ವೆಂಗಿ ನಾಡಿನವರು. ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ಕಾವ್ಯ ರಚಿಸುವ ಹೊಣೆ ಆತನದಾಗಿತ್ತು. ಅದನ್ನು ಪ್ರಾಮಾಣಿಕವಾಗಿಯೇ ನಿರ್ವಹಿಸಿದನು. ಆದರೂ ಕವಿಯ ಹೃದಯ ಕರ್ಣನ ಕಡೆಗೆ ವಾಲಿದುದನ್ನು ಓದುಗರೆಲ್ಲ ಬಲ್ಲರು. ಆಸ್ಥಾನ ಒಪ್ಪಿಸಿದ ನಾಯಕನೊಬ್ಬ, ಅಂತರಂಗ ಒಪ್ಪಿದ ನಾಯಕನೊಬ್ಬ. ಗೆಲ್ಲುವ ಪಕ್ಷ ಯಾವುದೆಂದು ತಿಳಿದ ಮೇಲೂ ಪಕ್ಷ ಬದಲಿಸದವನು ಆತನಿಗೆ ದೊಡ್ಡವನಾಗಿ ಕಂಡನು.

ವಿಜಯವಾಡದಲ್ಲಿ ಆ 206 ಅಡಿಯ ಪ್ರತಿಮೆಯಿಂದ ಬಹಳ ದೂರವೇನೂ ಇಲ್ಲದ ಪಟಮಟ ಪ್ರದೇಶದಲ್ಲಿ ನಾಸ್ತಿಕ ಕೇಂದ್ರವೆಂಬ ಸಂಸ್ಥೆಯಿದೆ. ಗೋರಾ ಎಂದೇ ಪ್ರಸಿದ್ಧರಾದ ಗೋಪರಾಜು ರಾಮಚಂದ್ರರಾವ್ ಮತ್ತು ಅವರ ಪತ್ನಿ ಸರಸ್ವತಿ ಗೋರಾ 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರು ಗ್ರಾಮದಲ್ಲಿ ಅದನ್ನು ಸ್ಥಾಪಿಸಿ, 1947ರಲ್ಲಿ ವಿಜಯವಾಡಕ್ಕೆ ತಂದರು. ನಾಸ್ತಿಕರನ್ನು ಇಂಥ ಸಭೆಯಲ್ಲಿ ಆದರ್ಶವಾಗಿ ಹೆಸರಿಸುವುದು ಕೆಲವರಿಗೆ ಇರುಸುಮುರುಸೆನಿಸಬಹುದು. ಜಗತ್ತಿಗೊಬ್ಬ ಸೃಷ್ಟಿಕರ್ತನಿದ್ದಾನೆಂಬುದನ್ನು ಎಂದೂ ಒಪ್ಪದ ಪರಂಪರೆಯವರಿಗೆ ಆ ಮುಜುಗರ ಅಷ್ಟಾಗಿ ಶೋಭಿಸುವುದಿಲ್ಲ ಎಂಬುದು ಬೇರೆ ಮಾತು.

ಗೋರಾ ಅವರ ಸಾಹಸಗಳು ಪ್ರಸಿದ್ಧವಾಗಿವೆ. ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದವರು ಜನಿವಾರ ತೊರೆದುದಕ್ಕಾಗಿ ಮನೆಯಿಂದ ಹೊರಗಾದರು. ನಾಸ್ತಿಕ ವಿಚಾರಗಳಿಗಾಗಿ 1933ರಲ್ಲಿ ಕಾಕಿನಾಡದ ಕಾಲೇಜಿನ ಕೆಲಸವನ್ನೂ 1939ರಲ್ಲಿ ಮಚಲೀಪಟ್ಟಣದ ಕಾಲೇಜಿನ ಕೆಲಸವನ್ನೂ ಬಿಡಬೇಕಾಯಿತು. ಇಷ್ಟನ್ನು ಹೇಳಿ ಚಪ್ಪಾಳೆ ಪಡೆದು ಮುಗಿಸುವ ಭಾಷಣಗಳು ಅನೇಕ. ಆದರೆ ಗಂಡಸು ತತ್ತ್ವಕ್ಕಾಗಿ ನೌಕರಿ ಕಳೆದುಕೊಂಡು ಮನೆಗೆ ಬಂದ ಆ ಸಂಜೆ ಒಲೆ ಹಚ್ಚಬೇಕಾದವರು ಯಾರು? ಆ ಪ್ರಶ್ನೆಯನ್ನು ಕೇಳಿದೊಡನೆ ಕಥೆಯ ನಾಯಕರು ಬದಲಾಗುತ್ತಾರೆ.

ಸರಸ್ವತಿ ಹುಟ್ಟಿದ್ದು 1912ರಲ್ಲಿ, ವಿಶಾಖಪಟ್ಟಣಕ್ಕೆ ಸಮೀಪದ ವಿಜಯನಗರಂನಲ್ಲಿ. ಮದುವೆಯಾದಾಗ ಹತ್ತು ವರ್ಷದ ಬಾಲಕಿ. ಸಂಪ್ರದಾಯಸ್ಥ ಮನೆತನದಿಂದ ಬಂದ ಹೆಣ್ಣು. ಗರ್ಭಿಣಿಯರು ಗ್ರಹಣ ನೋಡಬಾರದೆಂಬ ಭಯವನ್ನು ಸುಳ್ಳೆಂದು ತೋರಿಸಲು ತಾವೇ ಗರ್ಭಿಣಿಯಾಗಿದ್ದಾಗ ಗ್ರಹಣಕ್ಕೆ ಮೈಯೊಡ್ಡಿದರು. ಉಪನ್ಯಾಸಕ್ಕೂ ಇದಕ್ಕೂ ಇರುವ ಅಂತರವನ್ನು ತಾಯಂದಿರು ಮಾತ್ರ ಸರಿಯಾಗಿ ಅಳೆಯಬಲ್ಲರು; ಮಗುವಿಗೆ ಅಕಸ್ಮಾತ್ ಏನಾದರೂ ಆಗಿದ್ದರೆ ಆ ಬದುಕೆಲ್ಲ ದೂಷಣೆ ಬರುತ್ತಿದ್ದುದು ಅವರ ಮೇಲೆ. ಮಕ್ಕಳಿಗೆ ದೇವರ ಹೆಸರನ್ನಾಗಲಿ ಕುಲದ ಹೆಸರನ್ನಾಗಲಿ ಇಡಲಿಲ್ಲ. ಉಪ್ಪಿನ ಸತ್ಯಾಗ್ರಹದ ವರ್ಷ ಹುಟ್ಟಿದವನು ಲವಣಂ. ಎರಡನೆಯ ಮಹಾಯುದ್ಧ ಆರಂಭವಾದ ವರ್ಷ ಹುಟ್ಟಿದವನು ಸಮರಂ. ಒಂಬತ್ತನೆಯ ಮಗುವಿನ ಹೆಸರು ನೌ, ಎಂದರೆ ಹಿಂದಿಯಲ್ಲಿ ಬರಿಯ ಒಂಬತ್ತು. ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ ಎಳೆಯ ಮಗನನ್ನು ಕಂಕುಳಲ್ಲಿಟ್ಟುಕೊಂಡೇ ಸರಸ್ವತಿ ಜೈಲಿಗೆ ಹೋದರು.

ಇಲ್ಲಿ ಒಂದು ಸಂದೇಹವನ್ನು ಮುಚ್ಚಿಡಬಾರದು. ಹತ್ತನೆಯ ವಯಸ್ಸಿನಲ್ಲಿ ಮದುವೆಯಾಗಿ ಬಂದವರು ಗಂಡನ ಮಾತನ್ನು ನಡೆಸಿಕೊಟ್ಟರೋ, ತಮ್ಮ ನಂಬಿಕೆಯನ್ನು ನಡೆಸಿದರೋ? ಗಂಡ ಆಸ್ತಿಕನಾಗಿದ್ದರೆ ಇದೇ ನಿಷ್ಠೆಯಿಂದ ವ್ರತಗಳನ್ನು ಮಾಡುತ್ತಿರಲಿಲ್ಲವೇ? ಅವರ ಆತ್ಮಕಥೆಯ ಹೆಸರೂ ‘ಗೋರಾತೋ ನಾ ಜೀವಿತಂ’, ಗೋರಾರೊಂದಿಗೆ ನನ್ನ ಜೀವನ. ಅವರಿಗೆ ಅವರೇ ಮಾಡಿಕೊಂಡ ಸಣ್ಣ ಅನ್ಯಾಯವದು. ಏಕೆಂದರೆ ಉತ್ತರ ಬಂದದ್ದು 1975ರ ಜುಲೈಯಲ್ಲಿ ಗೋರಾ ತೀರಿಕೊಂಡ ಮೇಲೆ. ಅಲ್ಲಿಂದ 2006ರ ಆಗಸ್ಟ್‌ನಲ್ಲಿ ತಾವು ಕಣ್ಮುಚ್ಚುವವರೆಗೆ, ಮೂವತ್ತೊಂದು ವರ್ಷ, ನಾಸ್ತಿಕ ಕೇಂದ್ರವನ್ನು ಮುನ್ನಡೆಸಿದವರು ಅವರು. ವಿಧೇಯತೆಯಿಂದ ಮಾತ್ರ ನಡೆದವರು ಆಜ್ಞೆ ಮಾಡುವವರು ಹೋದ ಮೇಲೆ ಮೂರು ದಶಕ ನಡೆಯಲಾರರು. ಕರ್ನಾಟಕ ಸರ್ಕಾರ ಅವರಿಗೆ ಬಸವ ಪುರಸ್ಕಾರ ನೀಡಿತು. ದೇವರನ್ನೊಪ್ಪದ ತೆಲುಗು ಮಹಿಳೆಗೆ ಶಿವಶರಣನ ಹೆಸರಿನ ಪ್ರಶಸ್ತಿ ನೀಡಿದ ಆ ತೀರ್ಮಾನ ನಮ್ರವಾಗಿ ನೆನೆಯಬೇಕಾದುದು.

ಕನ್ನಡಿಗರಿಗೆ ಇದೇ ಬಗೆಯ ಒಬ್ಬರು ಪರಿಚಿತರಿದ್ದಾರೆ. ಬೆಂಗಳೂರಿನ ಡಾ. ಎಚ್. ನರಸಿಂಹಯ್ಯನವರು. ಖಾದಿ ಟೋಪಿಯ ಗಾಂಧಿವಾದಿ. ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದವರು. ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ಬಾಳಿದವರು. ಅವರು ಅವಿವಾಹಿತರು. ಹೆಂಡತಿ ಮಕ್ಕಳ ಹಸಿವಿನ ಎದುರು ತತ್ತ್ವವನ್ನು ಇಟ್ಟು ನೋಡಬೇಕಾದ ಪರೀಕ್ಷೆ ಅವರಿಗೆ ಬರಲಿಲ್ಲ. ಸರಸ್ವತಿಯವರಿಗೆ ಅದು ನಿತ್ಯದ ಪರೀಕ್ಷೆಯಾಗಿತ್ತು.

ಸಮಾಜ ಸುಧಾರಣೆಯ ಸಭೆಗಳಲ್ಲಿ ವರದಕ್ಷಿಣೆಯ ವಿರುದ್ಧ, ಆಡಂಬರದ ಮದುವೆಯ ವಿರುದ್ಧ, ಒಳಪಂಗಡಗಳ ಮೇಲುಕೀಳಿನ ವಿರುದ್ಧ ಠರಾವು ಮಂಡಿಸುವವರು ಕಡಿಮೆಯೇನಿಲ್ಲ. ಠರಾವು ಮಂಡಿಸಿದವರ ಮನೆಯಲ್ಲಿಯೇ ಮಗಳ ಮದುವೆ ಬಂದಾಗ ಛತ್ರದ ಬಾಡಿಗೆಯೂ ಚಿನ್ನದ ತೂಕವೂ ಬೇರೆಯೇ ಕಥೆ ಹೇಳುತ್ತವೆ. ವಿಜಯವಾಡದ ಆ ಮನೆಯಲ್ಲಿ ಮದುವೆಗಳೇ ಠರಾವುಗಳಾಗಿದ್ದವು. 1960ರಲ್ಲಿ ಹಿರಿಯ ಮಗ ಲವಣಂ ಕೈಹಿಡಿದದ್ದು ದಲಿತ ಮಹಾಕವಿ ಗುರ್ರಂ ಜಾಷುವಾ ಅವರ ಮಗಳು ಹೇಮಲತಾ ಅವರನ್ನು. ಬ್ರಿಟಿಷರು ಅಪರಾಧಿ ಬುಡಕಟ್ಟೆಂದು ಹಣೆಪಟ್ಟಿ ಹಚ್ಚಿದ್ದ ಸ್ಟೂವರ್ಟ್‌ಪುರಂ ಜನರ ನಡುವೆ, ದೇವರ ಹೆಸರಿನಲ್ಲಿ ಬಿಡಲ್ಪಟ್ಟ ಜೋಗಿನಿಯರ ನಡುವೆ ಆ ಸೊಸೆ ದುಡಿದರು.

ಅದಕ್ಕೂ ಮೊದಲಿನದು ಹಿರಿಯ ಮಗಳು ಮನೋರಮಾ ಅವರ ಮದುವೆ. ಅಸ್ಪೃಶ್ಯರೆನಿಸಿದ ಸಮುದಾಯದ ಅರ್ಜುನರಾವ್ ಎಂಬ ತರುಣನಿಗೆ ಮಗಳನ್ನು ಕೊಡಲು ದಂಪತಿಗಳು ನಿಶ್ಚಯಿಸಿದರು. ಗಾಂಧೀಜಿ ಸಂತೋಷದಿಂದ ಒಪ್ಪಿ, ಮದುವೆ ಸೇವಾಗ್ರಾಮದಲ್ಲಿಯೇ ನಡೆಯಲೆಂದರು. ಅರ್ಜುನರಾವ್ ಆಶ್ರಮದಲ್ಲಿ ಇದ್ದು ತರಬೇತಿ ಪಡೆದರು. ಆದರೆ ಆಶ್ರಮದ ವಿವಾಹವಿಧಿಯಲ್ಲಿ ದೇವರ ಹೆಸರಿನಲ್ಲಿ ಪ್ರತಿಜ್ಞೆ ಮಾಡಬೇಕಾಗಿತ್ತು. ಈ ಕುಟುಂಬ ಅದನ್ನು ಹೇಗೆ ಹೇಳೀತು? ಬದುಕಿಡೀ ರಾಮನಾಮ ಜಪಿಸಿದ ಎಪ್ಪತ್ತೇಳು ದಾಟಿದ ಮುದುಕ ತಮ್ಮ ಆಸ್ತಿಕತೆಯೇ ಸರಿ, ಇವರದು ತಪ್ಪು ಎಂದು ಹಟ ಹಿಡಿಯಲಿಲ್ಲ. ದೇವರ ಹೆಸರಿನ ಜಾಗದಲ್ಲಿ ಸತ್ಯದ ಹೆಸರು ಬರಲೆಂದು ಒಪ್ಪಿಕೊಂಡರು. ಈ ಹೆಣ್ಣುಮಗಳ ಮನೆಯವರಿಗೆ ಗಾಂಧೀಜಿ ಆದರ್ಶರಾಗಿದ್ದರು. ಆ ಆದರ್ಶಪುರುಷನೂ ಇವರ ಪ್ರಾಮಾಣಿಕತೆಗೆ ಮಣಿದು ತಮ್ಮ ಆಶ್ರಮದ ವಿಧಿಯನ್ನೇ ತಿದ್ದಿದರು.

1948ರ ಮಾರ್ಚ್ ತಿಂಗಳಲ್ಲಿ ಸೇವಾಗ್ರಾಮದಲ್ಲಿ ಮದುವೆ ನಡೆಯಿತು. ಆ ತಿದ್ದುಪಡಿಗೆ ಒಪ್ಪಿದವರು ಜನವರಿ 30ರಂದೇ ದಿಲ್ಲಿಯಲ್ಲಿ ಗುಂಡಿಗೆ ಬಲಿಯಾಗಿದ್ದರು. ಸರಸ್ವತಿ ಗೋರಾ ಮಗಳ ಮದುವೆಯನ್ನು ಮುಂದೂಡಲಿಲ್ಲ.